ತಪ್ಪು ಟೋಪಿಯ ಹನ್ನೆರಡು ಸಿಪಾಯಿಗಳು

ಕಂತು: ಒಂಬತ್ತು

"ಮೂರು," ಅಂದುಕೊಂಡಳು ಇನ್‌ಸ್ಪೆಕ್ಟರ್ ಗ್ಲೆನಿಸ್ ಶಾಕ್‌ಲಾಕ್. ಚಿಮಟದಲ್ಲಿ ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟು ಮತ್ತೊಮ್ಮೆ ಎಣಿಸಿದಳು. ಮೂರೇ.

ಸತ್ತವರ ಮನೆಯ ಕಸದ ಬುಟ್ಟಿಯಲ್ಲಿದ್ದುದೆಲ್ಲ ಈಗ ನಾಟಿಂಗ್‌ಹ್ಯಾಮಿನ ಠಾಣೆಯ ಮೇಜಿನ ಮೇಲೆ ಹರಡಿತ್ತು. ಎರಡು ಟೀ ಚೀಲ, ಒಂದು ಕಿತ್ತಳೆ ಹಣ್ಣಿನ ಸಿಪ್ಪೆ, ಕತ್ತರಿಸಿದ ಉಗುರಿನಂಥ ಬೂದು ಪ್ಲಾಸ್ಟಿಕ್ ಚೂರುಗಳು, ಮತ್ತು ಮೂರು ಖಾಲಿ ಚೌಕಟ್ಟು. ಪ್ಲಾಸ್ಟಿಕ್ ಸಿಪಾಯಿ ಅಂಗಡಿಯಿಂದ ಆಳಾಗಿ ಬರುವುದಿಲ್ಲ. ಕೈ, ಕಾಲು, ತಲೆ, ಬಂದೂಕು ಎಲ್ಲ ಬಿಡಿಬಿಡಿಯಾಗಿ ಒಂದು ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಕತ್ತರಿಸಿ, ಹೆರೆದು, ಅಂಟು ಹಚ್ಚಿ ಆಳು ಮಾಡಬೇಕು. ಒಂದು ಚೌಕಟ್ಟಿಗೆ ನಾಲ್ವರು.

ಪಕ್ಕದ ತಟ್ಟೆಯಲ್ಲಿ ಇಪ್ಪತ್ನಾಲ್ಕು ಜನ ಬಂದೂಕು ಹೆಗಲಿಗೇರಿಸಿ ನಿಂತಿದ್ದರು. ಒಬ್ಬೊಬ್ಬನೂ ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರ. ಇಪ್ಪತ್ನಾಲ್ಕು ಜನರಿಗೆ ಆರು ಚೌಕಟ್ಟು ಖಾಲಿಯಾಗಬೇಕು. ಬುಟ್ಟಿಯಲ್ಲಿ ಮೂರಿದ್ದವು.

ಪಂಚನಾಮೆಯಲ್ಲಿ ಇದು "ಪ್ಲಾಸ್ಟಿಕ್ ಕಸ" ಎಂಬ ಎರಡು ಪದವಾಗಿತ್ತು. ಎಣಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಕೆಳಗೆ ಸಹಿ ಗ್ಲೆನಿಸ್‌ಳದೇ.

ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಗುರುವಾರ ಮಧ್ಯಾಹ್ನ ಸ್ನೀಂಟನ್ ಪೇಟೆಯ ತಮ್ಮ ಮನೆಯಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ ವಿಲ್ಫ್ರೆಡ್ ಓಲ್ಡರ್‌ಶಾ ಅವರ ಕೊಲೆಗಾಗಿ ಅವರ ಮಲಮಗ ಕೀರನ್ ಟೌಲ್ ಲಾಕಪ್ಪಿನಲ್ಲಿದ್ದ. ಅವನನ್ನು ಇಟ್ಟುಕೊಳ್ಳಲು ಇದ್ದ ಮೂವತ್ತಾರು ಗಂಟೆಯ ಗಡುವು ಸಂಜೆ ಐದಕ್ಕೆ ಮುಗಿಯುತ್ತಿತ್ತು.

ಬಾಗಿಲು ತಟ್ಟದೆ ಒಳಗೆ ಬಂದವರು ಸೂಪರಿಂಟೆಂಡೆಂಟ್ ಹಾಲಿಸ್.

"ಇನ್ನೂ ಆಟದ ಸಾಮಾನಿನ ಜೊತೆ ಕೂತಿದ್ದೀಯಾ?"

"ಸರ್, ಮೂರು ಚೌಕಟ್ಟು ಕಮ್ಮಿ ಇದೆ."

"ನಮ್ಮನೇಲಿ ದಿನಾ ಒಂದು ಚಮಚ ಕಮ್ಮಿ ಇರುತ್ತೆ. ಯಾರನ್ನೂ ಅರೆಸ್ಟ್ ಮಾಡಿಲ್ಲ ನಾನು."

"ಕೊನೆ ಹನ್ನೆರಡು ಜನರನ್ನ ಓಲ್ಡರ್‌ಶಾ ಮಾಡಿಲ್ದೇ ಇದ್ರೆ? ಹೊರಗಿಂದ ಯಾರಾದ್ರೂ ಮಾಡಿ ತಂದಿಟ್ಟಿದ್ರೆ?"

ಹಾಲಿಸ್ ಮೇಜಿನ ಅಂಚಿಗೆ ಒರಗಿ ನಿಂತರು. "ಏಳು ನಿಮಿಷಕ್ಕೊಬ್ಬ ಸಿಪಾಯಿ ಅಂತ ಲೆಕ್ಕ ಹಾಕ್ಕೊಂಡು ಬಂದಿದ್ದು ಯಾರು? ನಾನಾ? ಸರ್ಕಾರಿ ವಕೀಲರು ಒಪ್ಪಿದ್ದೇ ಆ ಲೆಕ್ಕ ನೋಡಿ. ಐದು ಗಂಟೆಗೆ ಆರೋಪ ಓದಿ ಹೇಳ್ತೀವಿ. ಅಷ್ಟರೊಳಗೆ ಯಾರಾದ್ರೂ ಸಹಿ ಹಾಕಿದ ಒಂದು ಹಾಳೆ ತಂದ್ರೆ ನೋಡ್ತೀನಿ. ಚೌಕಟ್ಟು ತರಬೇಡ."

ಲೆಕ್ಕ ಅವಳದೇ ಹೌದು. ಗುರುವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಓಲ್ಡರ್‌ಶಾ ಫೋನಿನಿಂದ, ಮೇಜಿನ ಮೇಲೆ ಸಿಪಾಯಿ ಗೊಂಬೆ ನಿಲ್ಲಿಸಿ ಆಡುವ ಅವರ ಯುದ್ಧದಾಟದ ಕ್ಲಬ್ಬಿನವರಿಗೆಲ್ಲ ಒಂದು ಮಸುಕಾದ ಚಿತ್ರ ಹೋಗಿತ್ತು: ಮುಗಿದ ಹನ್ನೆರಡು ಸಿಪಾಯಿಗಳು, ಪಕ್ಕದಲ್ಲಿ ಇನ್ನೂ ಮುಟ್ಟದ ಮೂರು ಚೌಕಟ್ಟು. ಸಂಜೆ ಆರೂವರೆಗೆ ಪಕ್ಕದ ಮನೆಯಾಕೆ ಹೆಣ ಕಂಡಾಗ ಇಪ್ಪತ್ನಾಲ್ಕೂ ಮುಗಿದಿದ್ದವು. ಹನ್ನೆರಡನ್ನು ಏಳರಿಂದ ಗುಣಿಸಿದರೆ ಎಂಬತ್ನಾಲ್ಕು ನಿಮಿಷ. ಅಂದರೆ ಎರಡು ಗಂಟೆ ಮೂವತ್ನಾಲ್ಕು ನಿಮಿಷದವರೆಗಾದರೂ ಮನುಷ್ಯ ಬದುಕಿರಲೇಬೇಕು. ಎರಡು ಗಂಟೆಯಿಂದ ಸಂಜೆಯವರೆಗೆ ಕ್ಲಬ್ಬಿನ ಉಳಿದ ಏಳೂ ಜನ ಚರ್ಚಿನ ಹಿಂದಿನ ಹಾಲಿನಲ್ಲಿ ಒಬ್ಬರಿಗೊಬ್ಬರು ಸಾಕ್ಷಿಯಾಗಿದ್ದರು. ಮೂರು ಗಂಟೆ ಹತ್ತು ನಿಮಿಷಕ್ಕೆ ಓಲ್ಡರ್‌ಶಾ ಮನೆಯ ಬಾಗಿಲು ಬಡಿದು ಕಿರುಚಾಡಿದವನು ಕೀರನ್ ಒಬ್ಬನೇ. ಹಿತ್ತಿಲ ಬಾಗಿಲಿನ ಹಿಡಿಯ ಮೇಲೆ ಅವನ ಬೆರಳಚ್ಚು. ಸಾವು ಒಂದರಿಂದ ನಾಲ್ಕರೊಳಗೆ ಎಂದಿದ್ದರು ಡಾಕ್ಟರು.

ಎಲ್ಲವೂ ಕೂಡಿ ಬಂದಿತ್ತು. ಕೂಡಿದ ಮೇಲೆ ಯಾರೂ ಕಸ ಎಣಿಸುವುದಿಲ್ಲ.

ಕೆಳಗೆ ಲಾಕಪ್ಪಿನಲ್ಲಿ ಕೀರನ್ ಹಾಸಿಗೆಯ ಅಂಚಿಗೆ ಕೂತಿದ್ದ. ಟ್ರಾಮ್ ಹಳಿ ರಿಪೇರಿಯ ಕೆಲಸದವನು, ದೊಡ್ಡ ಕೈ. ಚೀಸ್ ಹಾಕಿದ ಬನ್ನು ತಟ್ಟೆಯಲ್ಲಿ ಹಾಗೇ ಒಣಗಿತ್ತು.

"ಇವತ್ತು ಶನಿವಾರ ಅಲ್ವಾ ಮೇಡಂ?"

"ಹೌದು."

"ಎರಡು ಗಂಟೆಗೆ ಮಗಳಿಗೆ ಈಜು ಕ್ಲಾಸು. ನನ್ನ ಬಿಟ್ರೆ ನೀರಿಗೆ ಇಳಿಯಲ್ಲ ಅವಳು."

ಗ್ಲೆನಿಸ್ ಟಿಪ್ಪಣಿ ಪುಸ್ತಕ ತೆರೆದಳು. "ಗುರುವಾರದ್ದು ಇನ್ನೊಂದು ಸಲ ಹೇಳು."

"ಎಷ್ಟು ಸಲ ಹೇಳಿದ್ರೂ ಅಷ್ಟೇ. ಬಡಿದೆ, ತೆಗೀಲಿಲ್ಲ. ಕಾಗದ ಹಾಕೋ ಕಂಡೀಲಿ ಬಾಯಿಟ್ಟು ಕೂಗಿದೆ, ನಮ್ಮಮ್ಮನ್ನ ಕೊಡು ಅಂತ. ನಾಲ್ಕು ತಿಂಗಳಾಯ್ತು, ಅಮ್ಮನ ಬೂದಿ ಅವರ ಒಲೆ ಮೇಲಿನ ಹಲಗೇಲಿ ಕೂತಿದೆ. ಹಿಂದೆ ಹೋಗಿ ಬಾಗಿಲ ಹಿಡಿ ಹಿಡ್ಕೊಂಡೆ. ತಿರುಗಿಸಲಿಲ್ಲ. ಅಮ್ಮನ್ನ ಕದ್ದುಕೊಂಡು ಬರೋದಾ ಅನ್ನಿಸ್ತು."

ಅವನು ತಟ್ಟೆಯನ್ನು ಕಾಲಿನಿಂದ ದೂರ ಸರಿಸಿದ.

"ಒಳಗೆ ಸತ್ತು ಬಿದ್ದಿದ್ದ ಮನುಷ್ಯನಿಗೆ ಹತ್ತು ನಿಮಿಷ ಬೈದೆ ನಾನು. ಅದು ನೆನಪಾದ್ರೆ ಅನ್ನ ಇಳಿಯಲ್ಲ. ನೀವು ಬರ್ಕೊಳ್ಳಿ ಬಿಡಿ, ಬರ್ಕೊಳ್ದೇ ಇರಿ."

ಮೇಲೆ ಬರುವಾಗ ಗ್ಲೆನಿಸ್ ಮೆಟ್ಟಿಲಿನಲ್ಲೇ ಫೋನು ತೆಗೆದಳು. ಪ್ಲಾಸ್ಟಿಕ್ ಸಿಪಾಯಿಯ ಕೈಕಾಲು ಓದಲು ಬಲ್ಲವರು ಬೇಕಾಗಿತ್ತು.

ಮ್ಯಾವಿಸ್ ಪ್ಲಮ್‌ಟ್ರೀಗೆ ಅರವತ್ತೆಂಟು. ಕ್ಲಬ್ಬಿನ ಒಬ್ಬಳೇ ಹೆಂಗಸು. ಕುದುರೆಯ ಕಣ್ಣಿನ ಬಿಳಿಯನ್ನೂ ಬಿಡದೆ ಬಣ್ಣ ಹಚ್ಚುವವರು. ಒಂದೂವರೆಗೆ ಠಾಣೆಗೆ ಬಂದರು. ಕೋಟು ಬಿಚ್ಚಲಿಲ್ಲ. ಕೊಟ್ಟ ಟೀಯನ್ನು ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಅಯ್ಯೋ ಮರಿ, ಇದನ್ನ ಕುಡಿಸಿದ್ರೆ ಯಾರು ಬೇಕಾದ್ರೂ ತಪ್ಪು ಒಪ್ಕೋತಾರೆ. ಹೊಡೆಯೋದೇ ಬೇಡ."

ಸಿಪಾಯಿಗಳ ತಟ್ಟೆ ಮುಂದೆ ಬಂದಾಗ ಟೀ ಬದಿಗಿಟ್ಟರು. ಚೀಲದಿಂದ ತಮ್ಮದೇ ಭೂತಗನ್ನಡಿ ತೆಗೆದರು. ಸಿಪಾಯಿಯ ಮೈ ಹಿಡಿಯದೆ ಕಾಲಡಿಯ ಬಿಲ್ಲೆ ಹಿಡಿದು ಒಬ್ಬೊಬ್ಬನನ್ನೇ ಎತ್ತಿ ಬೆಳಕಿಗೆ ತಿರುಗಿಸಿದರು. ಕೆಳಗಿಡುವಾಗ ಬಲಕ್ಕೆ ಒಬ್ಬ, ಎಡಕ್ಕೆ ಒಬ್ಬ. ಹತ್ತು ನಿಮಿಷದಲ್ಲಿ ತಟ್ಟೆಯಲ್ಲಿ ಎರಡು ಸಾಲಾಗಿತ್ತು. ಈ ಕಡೆ ಹನ್ನೆರಡು, ಆ ಕಡೆ ಹನ್ನೆರಡು.

"ಎರಡು ಕೈ," ಅಂದರು ಮ್ಯಾವಿಸ್.

"ಹೇಗೆ ಹೇಳ್ತೀರಿ?"

"ಟೋಪಿ ನೋಡು. ಇವರ ಟೋಪಿಗೆ ಮುಂದುಗಡೆ ಒಂದು ಹಲಗೆ ಎದ್ದು ನಿಂತಿದೆ. ಅವರದ್ದು ಬರೀ ಕೊಳವೆ, ಮೇಲೆ ಚಪ್ಪಟೆ. ಪೆಟ್ಟಿಗೇಲಿ ಎರಡೂ ತರದ ತಲೆ ಇರುತ್ತೆ. ಯಾವ ಯುದ್ಧವೋ ಆ ತಲೆ ಅಂಟಿಸ್ಕೋಬೇಕು. ಈ ಸಲ ನಮ್ಮದು ಸ್ಪೇನ್ ಯುದ್ಧ. ಸ್ಪೇನಲ್ಲಿ ಕೊಳವೆ ಟೋಪಿ. ಹಲಗೆ ಟೋಪಿ ಆಮೇಲೆ ಬಂದದ್ದು, ವಾಟರ್ಲೂಗೆ."

"ಹಾಗಾದ್ರೆ ಈ ಕಡೆಯವರದ್ದು ತಪ್ಪು."

"ತಪ್ಪು ಅಂದ್ರೆ? ನಮ್ಮಲ್ಲಿ ಇದಕ್ಕೆ ಮಾತು ಬಿಟ್ಟೋರಿದ್ದಾರೆ." ಮ್ಯಾವಿಸ್ ನಗಲಿಲ್ಲ. "ಇವು ವಿಲ್ಫ್‌ನವು. ಪಾಪ, ಕಣ್ಣಿಗೆ ಪೊರೆ ಬಂದಿತ್ತು, ಹೇಳ್ಕೊಳ್ತಿರಲಿಲ್ಲ. ಅಚ್ಚಿನ ಗೆರೆ ಕೂಡ ಹೆರೆದಿಲ್ಲ, ಮುಟ್ಟಿ ನೋಡು, ಉಗುರಿಗೆ ಸಿಗುತ್ತೆ. ಆ ಹನ್ನೆರಡರಲ್ಲಿ ಒಂದೇ ಒಂದು ಗೆರೆ ತೋರಿಸು, ನನ್ನ ಹೆಸರು ಬದಲಾಯಿಸ್ಕೋತೀನಿ."

ಗ್ಲೆನಿಸ್ ಉಗುರು ಆಡಿಸಿದಳು. ಒಂದು ಕಡೆ ಸಿಕ್ಕಿತು. ಇನ್ನೊಂದು ಕಡೆ ಜಾರಿತು. ಎರಡು ದಿನ ಈ ತಟ್ಟೆಯನ್ನು ಮುಂದಿಟ್ಟುಕೊಂಡು ಅವಳು ಸಿಪಾಯಿಗಳನ್ನು ಎಣಿಸಿದ್ದಳು, ನೋಡಿರಲಿಲ್ಲ.

"ಒಬ್ಬನೇ ಮನುಷ್ಯ ಊಟಕ್ಕೆ ಮುಂಚೆ ಹೀಗೆ, ಊಟ ಆದ್ಮೇಲೆ ಹಾಗೆ ಮಾಡೋಕೆ ಆಗಲ್ವಾ?"

"ಊಟದಲ್ಲಿ ಕಣ್ಣಿನ ಪೊರೆ ಹೋಗುತ್ತಾ ಮರಿ?"

"ಇದೇ ಪೆಟ್ಟಿಗೆ ಯಾರ್ಯಾರು ತಗೊಂಡಿದ್ರು?"

"ಇಂಗ್ಲಿಷರನ್ನ ತಗೊಂಡಿದ್ದು ಇಬ್ರೇ, ಉಳಿದವರೆಲ್ಲ ಫ್ರೆಂಚರು. ವಿಲ್ಫ್ ಒಂದು ಪೆಟ್ಟಿಗೆ. ಸಿರಿಲ್ ಮೇಷ್ಟ್ರು ಒಂದು..."

ಮ್ಯಾವಿಸ್ ಭೂತಗನ್ನಡಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಬಾಯಿಂದ ಹೊರಬಿದ್ದದ್ದು ಏನೆಂದು ಅವರಿಗೇ ಈಗ ಕೇಳಿಸಿದಂತಿತ್ತು.

ಸಿರಿಲ್ ವಿಡೋಸನ್. ಮೂವತ್ತೆಂಟು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತರಾದವರು, ಕ್ಲಬ್ಬಿನ ಅಧ್ಯಕ್ಷರು. ಗುರುವಾರ ಒಂದೂವರೆಗೆ ಓಲ್ಡರ್‌ಶಾ ಮನೆಗೆ ಹೋಗಿ ಒಂದು ಐವತ್ತಕ್ಕೆ ಹೊರಬಿದ್ದೆ, ಆಗ ವಿಲ್ಫ್ ಚೆನ್ನಾಗಿಯೇ ಇದ್ದ ಎಂದು ತಾವಾಗಿ ಬಂದು ಹೇಳಿಕೆ ಕೊಟ್ಟವರು. ಒಬ್ಬ ಸಿಪಾಯಿಗೆ ವಿಲ್ಫ್ ಸರಾಸರಿ ಏಳು ನಿಮಿಷ ತಗೊಳ್ತಾನೆ ಎಂದು ಹೇಳಿದ್ದೂ ಅವರೇ.

"ಕೊನೇದಾಗಿ ಒಂದು," ಅಂದಳು ಗ್ಲೆನಿಸ್. "ನೀವು ಆ ಮನೆಗೆ ಹೋಗಿದ್ದು ಯಾವಾಗ?"

"ಕ್ರಿಸ್ಮಸ್‌ಗೆ. ಆಮೇಲೆ ಆ ಹೊಸಿಲು ತುಳಿದಿಲ್ಲ." ಮ್ಯಾವಿಸ್ ಕೋಟಿನ ಗುಂಡಿ ಸರಿಮಾಡಿಕೊಂಡರು. "ಹೊರಡ್ತೀನಿ ಮರಿ. ಆಟಕ್ಕೆ ಹೊತ್ತಾಯ್ತು. ವಿಲ್ಫ್ ನೆನಪಿಗೆ ಅಂತ ಆಡ್ತಿದ್ದೀವಿ, ತಪ್ಪಿಸೋ ಹಾಗಿಲ್ಲ."

ಚರ್ಚಿನ ಹಿಂದಿನ ಹಾಲಿಗೆ ಗ್ಲೆನಿಸ್ ಒಬ್ಬಳೇ ಹೋದಳು. ನಾಲ್ಕು ಗಂಟೆ ಐದು ನಿಮಿಷ.

ಹನ್ನೆರಡು ಅಡಿ ಉದ್ದದ ಮೇಜಿನ ಮೇಲೆ ಸ್ಪೇನಿನ ಬೆಟ್ಟಗಳು ಹಸಿರು ಬಟ್ಟೆಯ ಕೆಳಗೆ ಉಬ್ಬಿದ್ದವು. ನಾನೂರು ಫ್ರೆಂಚರು ಸೇತುವೆಯ ಕಡೆ ಇಳಿಯುತ್ತಿದ್ದರು. ಯಾರೂ ಗದ್ದಲ ಮಾಡುತ್ತಿರಲಿಲ್ಲ. ಮೇಜಿನ ಒಂದು ಕಡೆ ಖಾಲಿ ಜಾಗ. ಅಲ್ಲಿ ಓಲ್ಡರ್‌ಶಾ ಅವರ ಕೆಂಪು ದಾಳಗಳು ಸಾಲಾಗಿ ಕೂತಿದ್ದವು. ಅವುಗಳ ಹತ್ತಿರ ಯಾರ ಕೈಯೂ ಹೋಗುತ್ತಿರಲಿಲ್ಲ.

"ಆರು ಅಂಗುಲ," ಎನ್ನುತ್ತಿದ್ದರು ವಿಡೋಸನ್, ಒಂದು ತುಕಡಿಯ ನಡಿಗೆ ಅಳೆಯುವ ಪಟ್ಟಿಯ ಮೇಲೆ ಬಾಗಿ. ಉದ್ದ ಮೂಗು, ಮೊಣಕೈಗೆ ಚರ್ಮದ ತೇಪೆ ಹಾಕಿದ ಸ್ವೆಟರು. "ಏಳಲ್ಲ. ಆರು ಮತ್ತು ಕಾಲು ಅನ್ನಬಹುದು, ನಿಮಗೆ ಅಳು ಬರೋ ಹಾಗಿದ್ರೆ."

"ಮೇಷ್ಟ್ರೇ," ಅಂದಳು ಗ್ಲೆನಿಸ್, "ಐದು ನಿಮಿಷ ಅಡುಗೆಮನೆಗೆ ಬರ್ತೀರಾ? ಆ ಬಿಸ್ಕತ್ತಿನ ಡಬ್ಬಿ ಜೊತೆಗಿರಲಿ."

ಗೋಡೆ ಬದಿಯ ಬೆಂಚಿನ ಮೇಲೆ ಅವರ ಹೆಸರಿನ ಚೀಟಿ ಅಂಟಿಸಿದ ತಗಡಿನ ಡಬ್ಬಿಯಿತ್ತು. ಅವರು ಅದನ್ನು ನೋಡಿದರು, ಅವಳನ್ನು ನೋಡಿದರು, ಪಟ್ಟಿಯನ್ನು ಮಡಚಿ ಜೇಬಿಗಿಟ್ಟರು.

ಅಡುಗೆಮನೆಯಲ್ಲಿ ಟೀ ಹಂಡೆ ಸಣ್ಣಗೆ ಕುದಿಯುತ್ತಿತ್ತು. ಹಾಲಿಗೂ ಅಡುಗೆಮನೆಗೂ ನಡುವೆ ತಟ್ಟೆ ದಾಟಿಸುವ ಕಿಟಕಿ. ಗ್ಲೆನಿಸ್ ಅದರ ಪಲಕವನ್ನು ಎಳೆದು ಮುಚ್ಚಿದಳು.

"ನಿಮ್ಮ ತುಕಡಿ ಮೇಜಿನ ಮೇಲೆ ಕಾಣ್ತಿಲ್ಲ."

"ಬಣ್ಣ ಆಗಿಲ್ಲ. ಬಣ್ಣ ಹಚ್ಚದ ಸಿಪಾಯಿ ಮೇಜಿಗೆ ಇಳಿಯೋ ಹಾಗಿಲ್ಲ. ಕ್ಲಬ್ಬಿನ ಮೊದಲ ನಿಯಮ, ನಾನೇ ಬರೆದದ್ದು."

"ತೆಗೀರಿ, ನೋಡೋಣ."

ಡಬ್ಬಿಯೊಳಗೆ ಹತ್ತಿಯ ಮೇಲೆ ಇಪ್ಪತ್ನಾಲ್ಕು ಜನ ಮಲಗಿದ್ದರು. ಹನ್ನೆರಡು ಜನ ಕಪ್ಪಗೆ, ಹನ್ನೆರಡು ಜನ ಬರಿಯ ಬೂದು ಪ್ಲಾಸ್ಟಿಕ್ಕು.

"ಗುರುವಾರ ಮಧ್ಯಾಹ್ನ ಹಿಂದಿನ ಅಂಗಳದಲ್ಲಿ ಎಲ್ಲರೂ ಸಿಪಾಯಿಗಳಿಗೆ ಬಣ್ಣಕ್ಕೆ ಮುಂಚೆ ಬಳಿಯೋ ಕಪ್ಪು ಪ್ರೈಮರ್ ಹೊಡೆದ್ರಿ. ಉಳಿದವರದ್ದೆಲ್ಲ ಪೂರ್ತಿ ಆಗಿದೆ. ನಿಮ್ಮ ಹನ್ನೆರಡು ಜನ ಯಾಕೆ ಉಳಿದ್ರು?"

"ಪ್ರೈಮರ್ ಮುಗೀತು."

"ಬರೋವಾಗ ಅಂಗಳದ ಷೆಡ್ಡು ನೋಡ್ಕೊಂಡು ಬಂದೆ ಮೇಷ್ಟ್ರೇ. ಸೀಲು ಒಡೆಯದ ಪ್ರೈಮರ್ ಡಬ್ಬಿ ಮೂರಿದೆ."

ವಿಡೋಸನ್ ಹತ್ತಿಯ ಅಂಚನ್ನು ಒಳಗೆ ಸರಿಸಿದರು.

"ಈ ಬೂದು ಹನ್ನೆರಡು ಗುರುವಾರ ಮಧ್ಯಾಹ್ನ ನಿಮ್ಮ ಹತ್ರ ಇರಲೇ ಇಲ್ಲ," ಅಂದಳು ಗ್ಲೆನಿಸ್. "ಆಮೇಲೆ ಮಾಡಿದ್ದು. ಓಲ್ಡರ್‌ಶಾ ಮುಟ್ಟದೇ ಇಟ್ಟಿದ್ದ ಮೂರು ಚೌಕಟ್ಟಿಂದ. ನೀವು ಇಲ್ಲಿಗೆ ತರ್ತಿದ್ದ ಇಪ್ಪತ್ನಾಲ್ಕರಲ್ಲಿ ಹನ್ನೆರಡು ಜನ ಅವರ ತಟ್ಟೇಲಿ ಉಳ್ಕೊಂಡ್ರು."

ಅವಳು ಎರಡು ಚಿತ್ರಗಳನ್ನು ಒಲೆಯ ಪಕ್ಕದ ಹಲಗೆಯ ಮೇಲೆ ಇಟ್ಟಳು. ಒಂದರಲ್ಲಿ ಹಲಗೆ ಟೋಪಿಯವನು, ಇನ್ನೊಂದರಲ್ಲಿ ಕೊಳವೆ ಟೋಪಿಯವನು, ತಲೆ ಮಾತ್ರ, ಮುಷ್ಟಿಯಷ್ಟು ದೊಡ್ಡದಾಗಿ.

ವಿಡೋಸನ್ ಕನ್ನಡಕ ಏರಿಸಿ ಬಾಗಿದರು. ಮೊದಲನೆಯ ಚಿತ್ರದ ಮೇಲೆ ಅವರ ಬೆರಳು ತಾನಾಗಿ ಹೋಯಿತು. ಅಲ್ಲೇ ನಿಂತಿತು.

"ನೋಡಿದ್ರಿ ಅಲ್ವಾ, ಗುರುವಾರವೇ?" ಅಂದಳು ಗ್ಲೆನಿಸ್.

ವಿಡೋಸನ್ ಚಿತ್ರದ ಮೇಲಿಂದ ಬೆರಳು ತೆಗೆದರು.

"ನೋಡಿದೆ," ಎಂದರು ವಿಡೋಸನ್. "ತಟ್ಟೇಲಿ ಇಡೋವಾಗಲೇ ಕಂಡಿತು. ಅವನು ಅಲ್ಲಿ ನೆಲದ ಮೇಲಿದ್ದಾನೆ, ರಕ್ತ ಚಾಪೆಗೆ ಇಳೀತಿದೆ, ನನಗೆ ಏನನ್ನಿಸ್ತು ಗೊತ್ತಾ? ಯಾರಾದ್ರೂ ಇವನ ಟೋಪಿ ನೋಡಿಬಿಟ್ರೆ ಅಂತ ನಾಚಿಕೆ ಆಯ್ತು. ಅವನ ಪರವಾಗಿ."

"ನಿಮ್ಮವರ ತಲೆ ಬದಲಾಯಿಸಬಹುದಿತ್ತು."

"ಪ್ಲಾಸ್ಟಿಕ್ ಅಂಟು ಅದು. ಕೂಡಿಸೋದಲ್ಲ, ಕರಗಿಸಿ ಒಂದು ಮಾಡೋದು. ಹನ್ನೆರಡು ಕತ್ತು ಕೊಯ್ದು ತಪ್ಪು ತಲೆ ಇಡಬೇಕಿತ್ತು." ಅವರು ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿದರು. "ಕತ್ತಿ ಅಲ್ಲೇ ಇತ್ತು. ಎತ್ಕೊಂಡೆ ಕೂಡ. ಆಗಲಿಲ್ಲ. ಪೊಲೀಸರು ಟೋಪಿ ಎಲ್ಲಿ ನೋಡ್ತಾರೆ ಅಂತ ಬಿಟ್ಟೆ."

"ನಾನು ನೋಡಿರ್ಲಿಲ್ಲ."

"ಗೊತ್ತು. ನೀವು ಗುಣಾಕಾರ ಮಾಡಿದ್ರಿ. ಅದಕ್ಕೇ ಏಳು ನಿಮಿಷ ಅಂತ ಹೇಳಿಕೊಟ್ಟದ್ದು."

ಆ ಮಾತು ತಾಕಬೇಕಾದ ಕಡೆ ತಾಕಿತು. ಗ್ಲೆನಿಸ್ ಅದನ್ನು ಮುಖಕ್ಕೆ ಬರಲು ಬಿಡಲಿಲ್ಲ.

"ಕೊಂದದ್ದು ಯಾಕೆ?"

"ಕೊಂದದ್ದು?" ವಿಡೋಸನ್ ತಲೆಯೆತ್ತಿದರು. ಬೆರಗು ನಟನೆಯಂತಿರಲಿಲ್ಲ. "ನಾನು ಹೋದಾಗ ಅವನ ಪ್ರಾಣ ಹೋಗಿಯಾಗಿತ್ತು, ಇನ್‌ಸ್ಪೆಕ್ಟರ್. ಬಾಗಿಲು ತೆರೆದಿತ್ತು. ಮುಟ್ಟಿ ನೋಡಿದೆ, ಕೈ ಇನ್ನೂ ಬೆಚ್ಚಗಿತ್ತು. ಒಂದು ಹತ್ತಕ್ಕೆ ಚಿತ್ರ ಬಂದಿದೆ, ಒಂದೂವರೆಗೆ ಹೆಣ. ಇಪ್ಪತ್ತು ನಿಮಿಷದೊಳಗಿನ ಕೆಲಸ. ಎರಡು ಗಂಟೆ ದಾಟೋವರೆಗೆ ಅವನನ್ನ ಬದುಕಿಸಿಟ್ರೆ ಕ್ಲಬ್ಬಿನ ಎಲ್ಲರೂ ಹಾಲಿನಲ್ಲಿರ್ತಾರೆ. ಯಾರಿಗೂ ಏನೂ ಆಗಲ್ಲ."

"ಯಾರಿಗೂ ಅಂದ್ರೆ ಯಾರಿಗೆ?"

ವಿಡೋಸನ್ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು.

"ಕೀರನ್‌ಗೆ ಆಯ್ತಲ್ಲ, ಮೇಷ್ಟ್ರೇ."

"ಆ ಹುಡುಗ ಮೂರು ಗಂಟೆಗೆ ಬಂದು ಬಾಗಿಲು ಒದೀತಾನೆ ಅಂತ ನನಗೇನು ಕನಸು ಬಿದ್ದಿತ್ತಾ? ಬಿಟ್ಟುಬಿಡ್ತಾರೆ ಅಂದ್ಕೊಂಡೆ. ಮಾಡದ ಕೆಲಸಕ್ಕೆ ಎಷ್ಟು ಹೊತ್ತು ಇಟ್ಕೋತಾರೆ ಅಂತ."

"ಇನ್ನು ಅರ್ಧ ಗಂಟೆ. ಆಮೇಲೆ ಹದಿನೈದು, ಇಪ್ಪತ್ತು ವರ್ಷ." ಅವಳು ಹತ್ತಿರ ಬಂದಳು. "ಆ ಮನೆಗೆ ಹೋಗೋವಾಗ ಯಾರನ್ನ ನೋಡಿದ್ರಿ?"

ವಿಡೋಸನ್ ಡಬ್ಬಿಯ ಮುಚ್ಚಳ ಹಾಕಿದರು. ಮೂಲೆಗಳನ್ನು ಒಂದೊಂದಾಗಿ ಒತ್ತಿದರು.

"ಹಿಂದಿನ ಗಲ್ಲಿಯಿಂದ ಒಬ್ರು ಬರ್ತಿದ್ರು. ಫೆಬ್ರವರಿ ಚಳೀಲಿ ಮೈಮೇಲೆ ಕೋಟಿಲ್ಲ, ಅದನ್ನ ಸುತ್ತಿ ಕಂಕುಳಲ್ಲಿ ಇಟ್ಕೊಂಡಿದ್ರು. ನನ್ನನ್ನ ನೋಡಲಿಲ್ಲ. ಅಷ್ಟೇ ನಾನು ಹೇಳೋದು." ಆಮೇಲೆ, ಏನೋ ನೆನಪಾದವರಂತೆ: "ಟೋಪಿ ವಿಷಯ ನಿಮಗೆ ಯಾರು ಹೇಳಿಕೊಟ್ಟದ್ದು? ನೀವಾಗಿ ಕಂಡುಹಿಡಿದದ್ದಲ್ಲ ಅದು."

"ಮ್ಯಾವಿಸ್."

ಮೇಷ್ಟ್ರು ಹಾಲಿನ ಬಾಟಲಿಗಳ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಎದೆಯಿಂದ ಬಂದ ಸದ್ದನ್ನು ಗ್ಲೆನಿಸ್ ಮೊದಲು ಕೆಮ್ಮು ಅಂದುಕೊಂಡಳು. ನಗು ಅದು.

"ಅವಳೇನಾ," ಅಂದರು. "ಅವಳಾದ್ರೆ ಹೇಳ್ತಾಳೆ. ತಪ್ಪು ಕಂಡ್ರೆ ಸುಮ್ನಿರಬೇಡ ಅಂತ ಇಪ್ಪತ್ತು ವರ್ಷ ಅವಳ ತಲೆ ತಿಂದಿದ್ದೀನಿ. ಗಂಡ ಸತ್ತ ವರ್ಷ ಕ್ಲಬ್ಬಿಗೆ ಕರ್ಕೊಂಡು ಬಂದೋನೂ ನಾನೇ."

ಗಲ್ಲಿಯಲ್ಲಿ ಕಂಡದ್ದು ಯಾರನ್ನು ಎಂದು ಇನ್ನು ಕೇಳಬೇಕಾಗಿರಲಿಲ್ಲ. ಮುಚ್ಚಿದ ಪಲಕದ ಆಚೆ ದಾಳ ಉರುಳಿತು, ಮ್ಯಾವಿಸ್ ಯಾರನ್ನೋ ರೇಗಿಸುವುದು ಕೇಳಿಸಿತು, "ಮರಿ, ನಿನ್ನ ಕುದುರೆಗಳೇನು ಮೇಯೋಕೆ ಬಂದಿವೆಯಾ?"

"ಕ್ರಿಸ್ಮಸ್ ಆದ್ಮೇಲೆ ಆ ಹೊಸಿಲು ತುಳಿದಿಲ್ಲ ಅಂತ ಹೇಳಿದ್ರು ಅವರು," ಅಂದಳು ಗ್ಲೆನಿಸ್.

"ಹಾಗಂದ್ಳಾ?" ವಿಡೋಸನ್ ನಗು ನಿಂತಿತು. "ಹಾಗಾದ್ರೆ ತುಳಿದಿಲ್ಲ."

"ನೀವು ಈಗ ಹೇಳಿದ್ದನ್ನ ಬರೆದು ಸಹಿ ಹಾಕಿ ಕೊಡಿ. ಸಿಪಾಯಿ ಬದಲಾಯಿಸಿದ್ದು, ಹೆಣ ಕಂಡದ್ದು, ಗಲ್ಲಿ."

"ಏನು ಹೇಳಿದೆ? ನೀವು ಎಚ್ಚರಿಕೆ ಓದಿ ಹೇಳಿಲ್ಲ. ಇಲ್ಲಿ ಇನ್ನೊಬ್ಬರಿಲ್ಲ. ನಾನು ಬಿಸ್ಕತ್ತಿನ ಡಬ್ಬಿ ತೋರಿಸಿದ್ದೇ ಹೊರತು ಬಾಯಿ ಬಿಟ್ಟಿಲ್ಲ."

ನಿಜ. ಹೇಳಿದ್ದೆಲ್ಲ ಸಾಕ್ಷ್ಯವಾಗಬಹುದು ಎಂಬ ಎಚ್ಚರಿಕೆ ಓದಿ ಹೇಳದೆ ಪಡೆದ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಅದನ್ನು ಮರೆತದ್ದು ಇಂದೇ. ಹಾಲಿಸ್ ಕೇಳಿದ್ದು ಸಹಿ ಹಾಕಿದ ಒಂದು ಹಾಳೆ.

ಗೋಡೆಯ ಗಡಿಯಾರದಲ್ಲಿ ನಾಲ್ಕು ಮೂವತ್ತಾರು.

"ಆದರೆ," ಅಂದರು ವಿಡೋಸನ್, "ಆ ಹುಡುಗ ಒಳಗಿರೋದು ನನ್ನಿಂದ. ಅದು ನನಗೆ ಗೊತ್ತು. ಎಚ್ಚರಿಕೆ ಈಗ ಓದಿ. ಕಾಗದ ತೆಗೀರಿ. ನಾನು ಕೊಂದೆ ಅಂತ ಬರೆದು ಕೊಡ್ತೀನಿ."

"ನೀವು ಕೊಂದಿಲ್ಲ."

"ನಿಮಗೆ ಬೇಕಾದ್ದು ಆ ಹುಡುಗ ಹೊರಗೆ ಬರೋದು ತಾನೇ? ಈ ಹಾಳೆ ಒಂದೇ ಇವತ್ತು ನಿಮಗೆ ಸಿಗೋದು. ಇಪ್ಪತ್ನಾಲ್ಕು ನಿಮಿಷ ಇದೆ. ಯೋಚನೆ ಮಾಡೋಕೆ ಎರಡು ತಗೊಳ್ಳಿ."

ಗ್ಲೆನಿಸ್ ಎರಡು ನಿಮಿಷ ತೆಗೆದುಕೊಳ್ಳಲಿಲ್ಲ. ಎಚ್ಚರಿಕೆಯ ಮಾತುಗಳನ್ನು ಒಂದಕ್ಷರ ಬಿಡದೆ ಹೇಳಿದಳು. ಹೇಳುವಾಗ ತನ್ನ ಧ್ವನಿ ತನಗೇ ಬೇರೆಯವರದಂತೆ ಕೇಳಿಸಿತು. ಚೀಲದಿಂದ ಹೇಳಿಕೆಯ ಹಾಳೆ, ಪೆನ್ನು ತೆಗೆದು ಮುಂದಿಟ್ಟಳು.

ಮೇಷ್ಟ್ರು ಹಾಳೆಯ ಎಡಕ್ಕೆ ಎರಡು ಬೆರಳು ಜಾಗ ಬಿಟ್ಟು ಬರೆಯತೊಡಗಿದರು. ದುಂಡಗಿನ, ಕಪ್ಪು ಹಲಗೆಯ ಅಕ್ಷರ. ದಿನಾಂಕ, ವಾರ, ಬೀದಿಯ ಹೆಸರು, ಮನೆ ನಂಬರು. ಒಂದು ಗಂಟೆ ಮೂವತ್ತು ನಿಮಿಷಕ್ಕೆ ಒಳಗೆ ಹೋದದ್ದು. ಟೋಪಿಯ ವಿಷಯಕ್ಕೆ ಜಗಳ ಹತ್ತಿದ್ದು. ಸಿಪಾಯಿಗಳನ್ನು ಬದಲಾಯಿಸಿದ್ದು, ಚೌಕಟ್ಟು ಎಷ್ಟು, ತಲೆ ಎಷ್ಟು, ಎಲ್ಲ ಲೆಕ್ಕಕ್ಕೆ ಸರಿಯಾಗಿ. ಸುಳ್ಳು ಎರಡೇ ಸಾಲಿನಲ್ಲಿತ್ತು, ಸುತ್ತಲಿನ ನಿಜವೆಲ್ಲ ಅದನ್ನು ಹೊತ್ತು ನಿಂತಿತ್ತು. ಹಾಲಿಸ್ ನಂಬುತ್ತಾರೆ. ವಕೀಲರೂ ನಂಬುತ್ತಾರೆ.

"ಹಿಂದಿನಿಂದ ತಲೆಗೆ ಒಂದೇ ಪೆಟ್ಟು," ಎಂದು ಬರೆಯುತ್ತಲೇ ಓದಿದರು, "ಸುತ್ತಿಗೆಯಿಂದ."

"ನಿಲ್ಲಿ," ಅಂದಳು ಗ್ಲೆನಿಸ್.

ಯಾವುದರಿಂದ ಹೊಡೆದದ್ದು ಎಂಬ ಡಾಕ್ಟರ ವರದಿಯ ಸಾಲನ್ನು ಪೊಲೀಸರು ಯಾವ ಪತ್ರಿಕೆಗೂ ಕೊಟ್ಟಿರಲಿಲ್ಲ. ಅದು ಗೊತ್ತಿದ್ದವರು ನಾಲ್ಕು ಜನ: ಡಾಕ್ಟರು, ಹಾಲಿಸ್, ಗ್ಲೆನಿಸ್, ಹೊಡೆದವರು. ಠಾಣೆಯ ಲಾಕಪ್ಪಿನಲ್ಲಿರುವವನನ್ನು ಬಿಡಿಸಬೇಕಾದ ಹಾಳೆಯಲ್ಲಿ ಈ ಒಂದು ಪದ ತಪ್ಪಾದರೆ ಹಾಲಿಸ್ ಅದನ್ನು ಎರಡನೆಯ ಸಲ ಓದುವುದಿಲ್ಲ.

"ಸುತ್ತಿಗೆ ಅಲ್ಲ, ಮೇಷ್ಟ್ರೇ."

"ಅಲ್ವಾ?"

ವಿಡೋಸನ್ ಆ ಪದದ ಮೇಲೆ ಒಂದೇ ಗೆರೆ ಎಳೆದರು, ನೇರವಾಗಿ, ಅಳತೆಪಟ್ಟಿ ಇಟ್ಟು ಎಳೆದಂತೆ. ಪಕ್ಕದಲ್ಲಿ ಜಾಗ ಬಿಟ್ಟರು. ಪೆನ್ನಿನ ಮೊನೆ ಕಾಗದಕ್ಕೆ ತಾಕಿಸಿಕೊಂಡೇ ತಲೆಯೆತ್ತಿ ಅವಳನ್ನು ನೋಡಿದರು.

ನಾಲ್ಕು ಗಂಟೆ ನಲವತ್ತೇಳು ನಿಮಿಷ.

"ಸರಿಯಾದದ್ದು ನಿಮಗೆ ಗೊತ್ತಲ್ಲ," ಅಂದರು. "ಹೇಳಿ. ಅದನ್ನೇ ಬರೀತೀನಿ."